ಇಂಟರ್‌ವ್ಯೂ ಮಾಡುವವರನ್ನು ದಯವಿಟ್ಟು ತಿದ್ದಬೇಡಿ

ಕೆಲವು ಕಂಪನಿಗಳು ಈಗ ಇಂಟರ್‌ವ್ಯೂ ಮಾಡುವವರಿಗೇ ತರಬೇತಿ ಕೊಡುತ್ತಿವೆ. ಹೇಳಿದ ಟೈಮಿಗೆ ಬನ್ನಿ, ರೆಸ್ಯೂಮೆ ಮೊದಲೇ ಓದಿಕೊಂಡಿರಿ, ಮದುವೆ ಮಕ್ಕಳ ವಿಚಾರ ಕೆದಕಬೇಡಿ ಅಂತೆಲ್ಲ ಹೇಳಿಕೊಡ್ತಾರೆ. ಇದನ್ನು ಕೂಡಲೇ ನಿಲ್ಲಿಸಬೇಕು. ಕೆಲಸ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಯಾಕೆ ಅಂತೀರಾ? ಕಂಪನಿಯ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಕಂಪನಿಯೇ ಬರೆಸಿದ್ದು. ವೆಬ್‌ಸೈಟ್‌ನಲ್ಲಿ 'ನಾವೆಲ್ಲ ಒಂದೇ ಕುಟುಂಬ' ಅಂತಿರುತ್ತದೆ. ಬೀನ್ ಬ್ಯಾಗ್ ಮೇಲೆ ಕೂತು ನಗುವವರ ಫೋಟೊ ಇರುತ್ತದೆ. ಎಚ್‌ಆರ್ ಮೇಡಂ ಫೋನಿನಲ್ಲಿ 'ವರ್ಕ್ ಲೈಫ್ ಬ್ಯಾಲೆನ್ಸ್' ಅಂತ ಸಕ್ಕರೆ ಸುರೀತಾರೆ. ಇಷ್ಟು ಜನರ ನಡುವೆ ನಿಜ ಹೇಳುವವನು ಒಬ್ಬನೇ. ಅರ್ಧ ಗಂಟೆ ತಡವಾಗಿ ಕಾಲ್‌ಗೆ ಬಂದು, ಕ್ಯಾಮೆರಾ ಆಫ್ ಇಟ್ಟು, ಏನನ್ನೋ ಕುರುಕುತ್ತಾ 'ಹಾಂ, ಹೇಳಿ' ಅನ್ನುವ ಆ ಮಹಾನುಭಾವ. ಅವನನ್ನೂ ತಿದ್ದಿಬಿಟ್ಟರೆ ನಮಗೆ ಗತಿ ಯಾರು?

ಖುದ್ದಾಗಿ ಕರೆದರಂತೂ ಇನ್ನೂ ಚೆನ್ನ. ಹತ್ತು ಗಂಟೆಗೆ ಬನ್ನಿ ಅಂದಿರ್ತಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಲೆಕ್ಕ ಹಾಕಿ ನೀವು ಏಳೂವರೆಗೇ ಮನೆ ಬಿಟ್ಟಿರ್ತೀರಿ. ಗೇಟಿನಲ್ಲಿ ಸೆಕ್ಯುರಿಟಿಯವರು ಆಧಾರ್ ನೋಡಿ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ರಿಜಿಸ್ಟರಿಗೆ ಇಳಿಸಿ, ಫೋಟೊ ಹಿಡಿದು, ಕೊರಳಿಗೆ ವಿಸಿಟರ್ ಟ್ಯಾಗ್ ಹಾಕಿ ಒಳಗೆ ಬಿಡ್ತಾರೆ. ಆ ಕಟ್ಟಡದಲ್ಲಿ ನಿಮ್ಮ ಬಗ್ಗೆ ಅತಿ ಜಾಸ್ತಿ ಆಸಕ್ತಿ ತೋರಿಸುವವರು ಅವರೇ. ಸಾಹೇಬರು ಬರುವುದು ಹನ್ನೊಂದೂವರೆಗೆ. ನಿಮ್ಮ ರೆಸ್ಯೂಮೆಯನ್ನು ಆಗಷ್ಟೇ ಪ್ರಿಂಟರ್‌ನಿಂದ ಎತ್ತಿಕೊಂಡು ಬಂದಿರ್ತಾರೆ, ಕಾಗದ ಇನ್ನೂ ಬಿಸಿ ಇರುತ್ತದೆ. 'ನಿಮ್ಮ ಬಗ್ಗೆ ಹೇಳಿ' ಅಂತ ನಿಮ್ಮನ್ನು ಮಾತಿಗೆ ಹಚ್ಚಿ ಅವರು ಓದಲು ಕೂರ್ತಾರೆ. ನಾಳೆ ನಿಮ್ಮ ರಜೆ ಅರ್ಜಿ ಹೋಗುವುದೂ ಇದೇ ಕೈಗೆ. ಎಷ್ಟು ದಿನ ಕಾಯಬೇಕಾದೀತು ಅಂತ ಈಗಲೇ ಗೊತ್ತಾಯ್ತಲ್ಲ!

ಆಮೇಲೆ ಟೆಕ್ನಿಕಲ್ ರೌಂಡ್.

'ನೇಟಿವ್ ಯಾವುದು?'

'ಹಾಸನ ಸರ್.'

'ಹಾಸನ ಅಂದ್ರೆ, ಸಿಟೀನಾ?'

'ಇಲ್ಲ ಸರ್, ಅರಕಲಗೂಡು ಹತ್ರ ಹಳ್ಳಿ.'

'ಓಹೋ. ಹೆಸರಿನ ಜೊತೆ ಎಸ್ ಅಂತಿದೆಯಲ್ಲ, ಏನದು?'

'ಅಪ್ಪನ ಹೆಸರು ಸರ್.'

ಅಪ್ಪನ ಹೆಸರು ಕೇಳಿಯೂ ಸುಳಿವು ಸಿಗಲಿಲ್ಲ. ಆ ಹೆಸರಿನವರು ಎಲ್ಲರಲ್ಲೂ ಇದ್ದಾರೆ. ಪೆನ್ನು ಕೆಳಗಿಟ್ಟು, ದನಿ ಸ್ವಲ್ಪ ಇಳಿಸಿ, 'ಮನೇಲಿ ನಾನ್‌ವೆಜ್ ಮಾಡ್ತೀರಾ?'

ಹುದ್ದೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್. ಜಾತಿ ಕೇಳಬಾರದು ಅಂತ ಅವರಿಗೂ ಗೊತ್ತು, ಪಾಪ. ಅದಕ್ಕೇ ಊರಿನಿಂದ ಶುರು ಮಾಡಿ, ಅಪ್ಪನನ್ನು ಮಾತಾಡಿಸಿಕೊಂಡು, ಅಡುಗೆಮನೆ ಬಾಗಿಲಿಂದ ಒಳಗೆ ಬರ್ತಾರೆ. ಇಷ್ಟು ಶ್ರದ್ಧೆಯನ್ನು ಡೇಟಾಬೇಸ್ ಮೇಲೆ ತೋರಿಸಿದ್ದರೆ ಈ ಹುದ್ದೆ ಖಾಲಿಯೇ ಆಗುತ್ತಿರಲಿಲ್ಲವೋ ಏನೋ.

ಹೆಣ್ಣುಮಕ್ಕಳಿಗೆ ಪ್ರಶ್ನೆಪತ್ರಿಕೆಯೇ ಬೇರೆ. ಮದುವೆ ಆಗಿದೆಯಾ? ಆಗಿಲ್ಲವಾದರೆ ಯಾವಾಗ? ಆಗಿದ್ದರೆ 'ಮುಂದಿನ ಪ್ಲ್ಯಾನ್' ಏನು? 2017ರಲ್ಲಿ ಸಂಬಳ ಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅಂದಿನಿಂದ ಈ ಪ್ಲ್ಯಾನಿನ ಮೇಲೆ ಅತ್ತೆಯವರಿಗಿಂತ ಹೆಚ್ಚು ಕಾಳಜಿ ಕಂಪನಿಯವರಿಗೆ. ಹೆಣ್ಣು ಅನ್ನುವ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಇರಲಿ, ಇಂಟರ್‌ವ್ಯೂ ಮಾಡುವವರು ಬಹಳ ಬ್ಯುಸಿ, ಓದಲು ಟೈಮ್ ಸಿಕ್ಕಿರಲಿಕ್ಕಿಲ್ಲ. 'ಹೆಂಡತಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆದ್ರೆ ಕೆಲಸ ಬಿಡ್ತೀರಾ' ಅಂತ ಗಂಡಸರನ್ನು ಕೇಳಿದ್ದನ್ನು ನಾನಂತೂ ಕೇಳಿಲ್ಲ.

ಕೆಲವರಿಗೆ ಒಗಟಿನ ಹುಚ್ಚು. ಬೆಂಗಳೂರಲ್ಲಿ ಪೆಟ್ರೋಲ್ ಬಂಕ್ ಎಷ್ಟಿವೆ, ವಿಮಾನದೊಳಗೆ ಗಾಲ್ಫ್ ಚೆಂಡು ಎಷ್ಟು ಹಿಡಿಸುತ್ತವೆ ಅಂತ ಕೇಳ್ತಾರೆ. ಇಂಥ ಒಗಟುಗಳಿಂದ ಪೂರ್ತಿ ಟೈಮ್ ವೇಸ್ಟ್, ಕೇಳುವವನಿಗೆ ತಾನು ಜಾಣ ಅನ್ನಿಸುವುದಷ್ಟೇ ಲಾಭ ಅಂತ ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಹೇಳಿಬಿಟ್ಟರು. ನಮ್ಮವರಿಗೆ ಸುದ್ದಿ ಇನ್ನೂ ತಲುಪಿಲ್ಲ. ತಲುಪದಿದ್ದರೇ ಒಳ್ಳೇದು. ಜಾಣ ಅನ್ನಿಸಿಕೊಳ್ಳಲು ಇಷ್ಟು ಕಷ್ಟಪಡುವ ಬಾಸ್ ಯಾರು ಅಂತ ಸೇರುವ ಮೊದಲೇ ತಿಳಿಯಬೇಡವೇ?

ಈ ವಿಷಯದಲ್ಲಿ ಸರ್ಕಾರಿ ನೌಕರರ ಪಾಡು ನೋಡಿ. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಇಂಟರ್‌ವ್ಯೂವನ್ನೇ ತೆಗೆದುಹಾಕಿತು. ಶಿಫಾರಸು, ಲಂಚ ನುಸುಳುವುದೇ ಆ ಕೋಣೆಯಲ್ಲಿ ಅನ್ನುವುದು ಕಾರಣ. ಸರಿಯೇ. ಆದರೆ ಮೇಲಿನವರು ಎಂಥವರು ಅಂತ ಅಲ್ಲಿ ಗೊತ್ತಾಗುವುದು ಕುರ್ಚಿಯಲ್ಲಿ ಕೂತ ಮೇಲೆ. ನಮಗೆ ಹಾಗಲ್ಲ. ಸ್ಯಾಂಪಲ್ ಮೊದಲೇ ಸಿಗುತ್ತದೆ.

ಕೊನೆಗೆ ಎಚ್‌ಆರ್. ಮೂರು ತಿಂಗಳ ಪೇ ಸ್ಲಿಪ್ ಕೊಡಿ ಅಂತಾರೆ. ಈ ಹುದ್ದೆಗೆ ಸಂಬಳ ಎಷ್ಟು ಇಟ್ಟಿದ್ದೀರಿ ಅಂದರೆ ಅದು ಗೌಪ್ಯ. ನಾಳೆಯೇ ಸೇರಬೇಕು ಅಂತಾರೆ. ನಿಮ್ಮಲ್ಲಿ ನೋಟಿಸ್ ಪೀರಿಯಡ್ ಎಷ್ಟು ಅಂದರೆ 90 ದಿನ. (ಆಫರ್ ಲೆಟರ್ ಜೇಬಿಗಿಟ್ಟುಕೊಂಡು, ಸೇರುವ ದಿನ ಫೋನ್ ಆಫ್ ಮಾಡುವ ಅಭ್ಯರ್ಥಿಗಳೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆ ವಿದ್ಯೆಯನ್ನು ಅವರು ಎಲ್ಲಿ ಕಲಿತರು ಅಂತ ಯೋಚಿಸಬೇಕಷ್ಟೆ.)

'ನಿಮಗೇನಾದರೂ ಪ್ರಶ್ನೆ ಇದೆಯಾ' ಅಂತ ಕೇಳಿದಾಗ ಒಂದನ್ನು ಮಾತ್ರ ಬಿಡಬೇಡಿ. ಈ ಸೀಟಿನಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು? ತರಬೇತಿ ಆದವನು 'ಬೇರೆ ಅವಕಾಶ ಸಿಕ್ತು' ಅಂತ ಜಾರಿಕೊಳ್ಳುತ್ತಾನೆ. ಆಗದವನು 'ಅವನಾ? ಸಂಜೆ ಆರಕ್ಕೇ ಮನೆಗೆ ಹೊರಡ್ತಿದ್ದ' ಅಂತ ಮನಸ್ಸು ಬಿಚ್ಚುತ್ತಾನೆ. ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ರಿಸಲ್ಟ್ ಏನಾಯ್ತು ಅಂತ ಯಾರೂ ತಿಳಿಸುವುದಿಲ್ಲ. ಆದರೆ ನೀವು ಮೆಟ್ರೋ ಹತ್ತುವ ಮೊದಲೇ ಒಂದು ಮೇಲ್ ಬಂದಿರುತ್ತದೆ. ನಮ್ಮ ಇಂಟರ್‌ವ್ಯೂ ಅನುಭವ ಹೇಗಿತ್ತು, 1ರಿಂದ 5ರೊಳಗೆ ಅಂಕ ಕೊಡಿ. ಐದೇ ಕೊಡಿ. ಕೆಳಗೆ 'ನಮ್ಮಲ್ಲಿ ಕೆಲಸಕ್ಕೆ ಸ್ನೇಹಿತರೊಬ್ಬರ ಹೆಸರು ಸೂಚಿಸಿ' ಅಂತಲೂ ಒಂದು ಖಾನೆ ಇರುತ್ತದೆ. ಅದನ್ನೂ ಖಾಲಿ ಬಿಡಬೇಡಿ. ಸಾಲ ತಗೊಂಡು ಫೋನ್ ಎತ್ತದ ಗೆಳೆಯ ಎಲ್ಲರಿಗೂ ಒಬ್ಬ ಇದ್ದೇ ಇರ್ತಾನೆ, ಅಲ್ವಾ?