ಬೈಸಿಕೊಳ್ಳೋಕೆ ಯಾರು ಹೋಗ್ತಾರೆ ಹೇಳಿ

ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದರೆ ಓದಿ.

ನಮ್ಮ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರಲ್ಲ, ಅಲ್ಲಿ ಶೆಡ್‌ನಲ್ಲಿರುವ ಹುಡುಗಿಯ ಜೊತೆ ಇವತ್ತು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಯಾದಗಿರಿ ಕಡೆಯವಳು, ಏಳು ತಿಂಗಳ ಬಸುರಿ. ತಾಯಿ ಕಾರ್ಡ್, ಅಂದರೆ ಬಸುರಿಯರ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡ್, ಊರಲ್ಲೇ ಉಳಿದಿದೆ. ಚೀಟಿ ಮಾಡಿಸಿ ಡಾಕ್ಟರ್ ಕೋಣೆ ತಲುಪುವಷ್ಟರಲ್ಲಿ ಸಿಕ್ಕಸಿಕ್ಕವರೆಲ್ಲ ಬೈದರು. ಕಾರ್ಡ್ ಎಲ್ಲಿ ಅಂತ ಒಬ್ಬರು, ಇಷ್ಟು ದಿನ ಏನು ಮಾಡ್ತಿದ್ದೆ ಅಂತ ಇನ್ನೊಬ್ಬರು. ಬಿಪಿ ನೋಡುವ ಸಿಸ್ಟರ್ ಅಂತೂ ಇಡೀ ಸಾಲಿಗೆ ಕೇಳುವ ಹಾಗೆ, "ಇವಕ್ಕೆಲ್ಲ ಹೆರೋದೊಂದು ಗೊತ್ತು" ಅಂದರು. ಸಾಲಲ್ಲಿದ್ದ ಕೆಲವರು ನಕ್ಕರು ಬೇರೆ.

ಹೊರಗೆ ಬಂದವಳೇ ಅವಳು ಹೇಳಿದ್ದು ಒಂದೇ ಮಾತು, "ನಾ ಇನ್ನ ಬರಂಗಿಲ್ರೀ ಅಕ್ಕಾ."

ಇನ್ನು ಅವಳು ಬರದಿದ್ದರೆ ಏನು ಬರೆದುಕೊಳ್ಳುತ್ತಾರೆ ಗೊತ್ತಾ? ಅರಿವಿನ ಕೊರತೆ. ಹೆಣ್ಣುಮಕ್ಕಳು ಯಾಕೆ ತಪಾಸಣೆಗೆ ಬರುವುದಿಲ್ಲ ಅಂತ ಸಭೆ ಮೇಲೆ ಸಭೆ ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ, ಜಾಥಾ ಹೊರಡಿಸುತ್ತಾರೆ. ಅರಿವು ಅವಳಿಗೆ ಚೆನ್ನಾಗೇ ಇದೆ ಸ್ವಾಮಿ. ಒಂದು ದಿನದ ಕೂಲಿ ಬಿಟ್ಟು, ಆಟೋಗೆ ದುಡ್ಡು ಕೊಟ್ಟು ಬಂದಿದ್ದಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಭೇಷ್, ಚಪ್ಪಾಳೆ. ಆದರೆ ನಾಲ್ಕು ಸಲವಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಸುಮಾರು 71 ಮಾತ್ರ. ನೋವು ಶುರುವಾದ ಮೇಲೆ ಬೇರೆ ದಾರಿ ಇಲ್ಲ, ಬರುತ್ತಾರೆ. ಅಲ್ಲಿವರೆಗೆ ತಪ್ಪಿಸಿಕೊಳ್ಳಲು ಆಗುವಷ್ಟು ತಪ್ಪಿಸಿಕೊಳ್ಳುತ್ತಾರೆ. ಬೈಗುಳ ಒಂದೇ ಕಾರಣ ಅಲ್ಲ, ಗೊತ್ತು. ಕೂಲಿ, ದೂರ, ಮನೆಯವರು ಎಲ್ಲ ಇದೆ. ಆದರೆ ಈ ಒಂದು ಕಾರಣವನ್ನು ಮಾತ್ರ ಯಾವ ಬ್ಯಾನರಿನಲ್ಲೂ ಬರೆಯುವುದಿಲ್ಲ ನೋಡಿ.

ಈಗ ಕಾಮೆಂಟಿಗೆ ಬರ್ತೀರಿ, ಸಿಸ್ಟರ್‌ಗಳಿಗೆ ಎಷ್ಟು ಕೆಲಸ ಗೊತ್ತಾ ಅಂತ. ಗೊತ್ತು ಮಾರಾಯ್ರೇ. ನಮ್ಮ ಚಿಕ್ಕಮ್ಮ ಇಡೀ ಸರ್ವಿಸ್ ಎಎನ್‌ಎಂ, ಅಂದರೆ ಬಸುರಿ-ಬಾಣಂತಿಯರನ್ನು ನೋಡಿಕೊಳ್ಳುವ ಸರ್ಕಾರಿ ನರ್ಸ್ ಆಗಿದ್ದಳು, ಹಳಬರಿಗೆ ನೆನಪಿರಬಹುದು. ಅವಳೂ ಬೈಯುತ್ತಿದ್ದಳು, ಡಾಕ್ಟರನ್ನು. ಕೆಲಸ ಜಾಸ್ತಿ ಇದೆ, ಜನ ಕಮ್ಮಿ ಇದ್ದಾರೆ, ಎಲ್ಲ ನಿಜ. ಆದರೆ ಅದೇ ಸಿಸ್ಟರ್ ಕಾರಿಂದ ಇಳಿದು ಬಂದವರಿಗೆ "ಕೂತ್ಕೊಳ್ಳಿ ಮೇಡಂ" ಅಂತಾರಲ್ಲ, ಆಗ ಆ ಕೆಲಸದ ಒತ್ತಡ ಎಲ್ಲಿ ಹೋಗಿರುತ್ತದೆ? ನನಗೂ ಇವತ್ತು ಕುರ್ಚಿ ಕೊಟ್ಟರು. ಬಸುರಿ ನಾನಲ್ಲ!

ಇದು ನಮ್ಮಲ್ಲಿ ಮಾತ್ರ ಅಲ್ಲ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್‌ಗಳ ಹೆರಿಗೆ ವಾರ್ಡುಗಳಲ್ಲಿ ಕೂತು ನೋಡಿ ಬರೆದದ್ದು. ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಹೆಂಗಸರು ಬೈಸಿಕೊಂಡಿದ್ದರು, ಹೊಡೆಸಿಕೊಂಡಿದ್ದರು ಅಥವಾ ಅವಮಾನ ಪಟ್ಟಿದ್ದರು. ಅದರಲ್ಲೂ ಚಿಕ್ಕ ವಯಸ್ಸಿನವರು, ಓದು ಕಮ್ಮಿ ಇದ್ದವರು ಜಾಸ್ತಿ. ಕೆಲಸದ ಒತ್ತಡಕ್ಕೆ ಎಷ್ಟು ಚೆನ್ನಾಗಿ ಕಣ್ಣು ಕಾಣುತ್ತದೆ ಅಲ್ವಾ, ಯಾರ ಮೇಲೆ ಬೀಳಬೇಕು ಅಂತ ಅದಕ್ಕೆ ಗೊತ್ತು.

ತುಮಕೂರಿನದು ಮರೆತಿರಾ? 2022ರ ನವೆಂಬರ್. ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ತುಂಬು ಬಸುರಿಯನ್ನು ವಾಪಸ್ ಕಳಿಸಿದರು. ಆಕೆ ಮನೆಯಲ್ಲೇ ಅವಳಿ ಹೆತ್ತು ತೀರಿಕೊಂಡಳು, ಮಕ್ಕಳೂ ಉಳಿಯಲಿಲ್ಲ. ಸಸ್ಪೆಂಡ್ ಆಯಿತು, ದಾಖಲೆ ಕೇಳಬೇಡಿ ಅಂತ ಮೇಲಿನಿಂದ ಹೇಳಿದ್ದೂ ಆಯಿತು. ಇವತ್ತು ನನ್ನ ಕಣ್ಣೆದುರೇ ಮೊದಲ ಪ್ರಶ್ನೆ, "ಕಾರ್ಡ್ ಎಲ್ಲಿ?"

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಮಗಳು ಹುಟ್ಟುವಾಗ ನಾನು ಬಳೆ ಅಡವಿಟ್ಟು ಪ್ರೈವೇಟ್ ಆಸ್ಪತ್ರೆಗೆ ಸೇರಿದ್ದೆ. ಅಲ್ಲಿ ಮಗುವಿಗೆ ಐಸಿಯು ಇದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದೆಲ್ಲ ಸುಮ್ನೆ. ಸರ್ಕಾರಿ ಆಸ್ಪತ್ರೆಯಲ್ಲಿ ನೋವು ತಿನ್ನುವಾಗ ಕೂಗಿಕೊಂಡರೆ "ಗಂಡನ ಹತ್ರ ಹೋಗುವಾಗ ಚೆನ್ನಾಗಿತ್ತಾ" ಅಂತ ಕೇಳುತ್ತಾರೆ ಅಂತ ಅಕ್ಕ ಹೇಳಿದ್ದಳು, ಅವಳಿಗೆ ಕೇಳಿದ್ದರಂತೆ. ಆ ಒಂದು ಮಾತಿಗೆ ಹೆದರಿ ಹೋದೆ. ನನಗೆ ಅಡವಿಡಲು ಬಳೆ ಇತ್ತು.

ಮೇಲಿನವರಿಗೆ ಇದೆಲ್ಲ ಗೊತ್ತಿಲ್ಲ ಅಂದುಕೊಳ್ಳಬೇಡಿ. ಹೆರಿಗೆ ಕೋಣೆಯಲ್ಲಿ ಹೆಂಗಸರನ್ನು ಮರ್ಯಾದೆಯಿಂದ ನೋಡಿಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮ 2017ರಿಂದಲೇ ಇದೆ. ಅದಕ್ಕೂ ಮುಂಚೆ 2016ರಲ್ಲೇ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರಬಹುದು ಅಂತ ಹೇಳಿಯಾಗಿದೆ. ತಾಯಿಯೋ ಅತ್ತಿಗೆಯೋ ಪಕ್ಕದಲ್ಲಿ ನಿಂತಿದ್ದರೆ ಬಾಯಿಗೆ ಬಂದ ಹಾಗೆ ಮಾತಾಡೋಕೆ ಯಾರಾದರೂ ಸ್ವಲ್ಪ ಯೋಚಿಸುತ್ತಾರೆ. ಇದಕ್ಕೆ ಹೊಸ ಮೆಷಿನ್ ಬೇಡ, ಟೆಂಡರ್ ಬೇಡ. ಬಾಗಿಲು ತೆಗೆದರೆ ಆಯಿತು.

ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಗೆ ಒಳಗೆ ಬಿಡುತ್ತಾರಾ? ಬಿಡುವ ಕಡೆ ಇದ್ದರೆ ಊರಿನ ಹೆಸರು ಹಾಕಿ, ಇವಳಿಗೆ ಹೇಳುತ್ತೇನೆ. "ಎಲ್ಲರೂ ಹಾಗಲ್ಲ" ಅಂತ ಬರೆಯೋರು ದಯವಿಟ್ಟು ಮುಂದೆ ಹೋಗಿ. ಪ್ರೈವೇಟ್ ಆಸ್ಪತ್ರೆಗಳ ಸಿಸೇರಿಯನ್ ಕತೆ ಇನ್ನೊಂದು ದಿನ, ಅದಕ್ಕೆ ಬೇರೆಯದೇ ಸಿಟ್ಟು ಎತ್ತಿಟ್ಟಿದ್ದೇನೆ.