ಮನೆಮಂದಿಯೆಲ್ಲ ಕೂತು ನೋಡಬಹುದು, ಕೂತರೆ

ಸಿನಿಮಾ ವಿಮರ್ಶಕರ ಹತ್ತಿರ ಒಂದು ರಬ್ಬರ್ ಸ್ಟಾಂಪ್ ಇದೆ. ‘ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ’ ಅಂತ ಅದರಲ್ಲಿ ಕೆತ್ತಿದೆ. ಅನಿಮೇಷನ್ ಸಿನಿಮಾ ಬಂದರಂತೂ ಅದಕ್ಕೆ ಪುರುಸೊತ್ತೇ ಇಲ್ಲ. ಗೊಂಬೆ ಮಾತಾಡಿತಾ, ಸ್ಟಾಂಪ್ ಬಿತ್ತು. ಮೀನು ಅತ್ತಿತಾ, ಸ್ಟಾಂಪ್ ಬಿತ್ತು. ಸಿನಿಮಾ ಪೂರ್ತಿ ನೋಡಬೇಕು ಅಂತೇನಿಲ್ಲ. ಪೋಸ್ಟರಿನಲ್ಲಿ ಕಣ್ಣು ತಟ್ಟೆಯಷ್ಟು ದೊಡ್ಡದಿದ್ದರೆ ಸಾಕು.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮಂದಿ ಇದ್ದಾರೆ. ಕೂರಲು ಎಲ್ಲರಿಗೂ ಬರುತ್ತದೆ. ನೋಡಲು ಕಣ್ಣೂ ಇವೆ, ಅವ್ವನ ಒಂದು ಕಣ್ಣಿಗೆ ಆಪರೇಷನ್ ಕೂಡ ಆಗಿದೆ. ಹಾಗಾಗಿ ಈ ಮಾತು ನಿಜವೋ ಸುಳ್ಳೋ ಒಮ್ಮೆ ನೋಡಿಯೇ ಬಿಡೋಣ ಅನ್ನಿಸಿತು. ಅದರ ಕತೆ ಆಮೇಲೆ. ಮೊದಲು ವಿಮರ್ಶೆಗಳನ್ನು ಓದಿದ ಕತೆ ಕೇಳಿ.

ಚಿತ್ರ ಬರೆದು ಮಾಡಿದ ಸಿನಿಮಾಕ್ಕೂ ನಮ್ಮವರು ಹಳೇ ಅಚ್ಚಿನಲ್ಲೇ ವಿಮರ್ಶೆ ಎರಕ ಹೊಯ್ಯುತ್ತಾರೆ. ಕತೆ, ನಟನೆ, ಛಾಯಾಗ್ರಹಣ, ಮೊದಲಾರ್ಧ ಸ್ವಲ್ಪ ಲ್ಯಾಗ್, ಐದಕ್ಕೆ ಮೂರೂವರೆ. ಸಿಂಹದ ನಟನೆ ಸಹಜವಾಗಿದೆ ಅನ್ನುತ್ತಾರೆ. ಸಿಂಹ ಸಹಜವಾಗಿ ನಟಿಸಿದರೆ ಮುಂದಿನ ಸಾಲಿನವರು ಉಳಿಯುತ್ತಾರಾ? 2019ರ ‘ದಿ ಲಯನ್ ಕಿಂಗ್’ ಬಂದಾಗ ಎಲ್ಲರೂ ‘ಲೈವ್ ಆ್ಯಕ್ಷನ್’ ಅಂತಲೇ ಬರೆದರು. ಅದರಲ್ಲಿ ನಿಜವಾಗಿ ಕ್ಯಾಮೆರಾ ಇಟ್ಟು ತೆಗೆದದ್ದು ಶುರುವಿನ ಸೂರ್ಯೋದಯದ ಒಂದೇ ಒಂದು ಶಾಟ್ ಅಂತ ನಿರ್ದೇಶಕ ಜಾನ್ ಫಾವ್ರೋ ಅವರೇ ಹೇಳಿದರು. ಮಿಕ್ಕಿದ್ದೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಅಂದರೆ ಇಡೀ ಚಿತ್ರದಲ್ಲಿ ಲೈವ್ ಆಗಿ ಆ್ಯಕ್ಷನ್ ಮಾಡಿದ್ದು ಸೂರ್ಯನೊಬ್ಬ. ಅವನ ಹೆಸರು ಮಾತ್ರ ಯಾವ ವಿಮರ್ಶೆಯಲ್ಲೂ ಇರಲಿಲ್ಲ.

ಹಿಂದಿಯಲ್ಲಿ ಅಪ್ಪ ಸಿಂಹಕ್ಕೆ ಶಾರುಖ್ ಖಾನ್ ದನಿ, ಮಗ ಸಿಂಹಕ್ಕೆ ಅವರ ಮಗ ಆರ್ಯನ್ ದನಿ. ಬರೆದ ಸಿಂಹಕ್ಕೂ ಹೀರೋ ಮಗನೇ ಬೇಕಾಯಿತು ನೋಡಿ. ಆ ಸಿಂಹಗಳು ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತಾಡಿದವು. ಕನ್ನಡ ಬರಲಿಲ್ಲ. ಕಾಡಿನ ಪ್ರಾಣಿ ಅಲ್ವಾ, ಹೋಗಲಿ ಬಿಡಿ.

ಇಂಟರ್ವಲ್ ವಿಷಯ ಇನ್ನೂ ಮಜಾ. ಹೊರದೇಶದ ಅನಿಮೇಷನ್ ಸಿನಿಮಾಕ್ಕೆ ಇಂಟರ್ವಲ್ ಅನ್ನೋದೇ ಇರುವುದಿಲ್ಲ. ‘ಇನ್‌ಸೈಡ್ ಔಟ್ 2’ ಇರುವುದೇ ಒಂದೂವರೆ ತಾಸು, ಮೇಲೆ ಆರು ನಿಮಿಷ. ಆದರೆ ನಮ್ಮಲ್ಲಿ ಸಮೋಸಾ ಮಾರಬೇಕಲ್ಲ. ಹಾಗಾಗಿ ಪ್ರೊಜೆಕ್ಟರ್ ಹುಡುಗ ನಡುವೆ ಎಲ್ಲೋ ಒಂದು ಕಡೆ ಕಚಕ್ ಅಂತ ನಿಲ್ಲಿಸುತ್ತಾನೆ. ಪಾತ್ರ ಬಾಯಿ ತೆರೆದಿರುತ್ತದೆ, ಮಾತು ಹದಿನೈದು ನಿಮಿಷದ ನಂತರ ಹೊರಗೆ ಬರುತ್ತದೆ. ಅಂಥ ಒಂದು ಸಿನಿಮಾಕ್ಕೆ ವಿಮರ್ಶಕರೊಬ್ಬರು ‘ಇಂಟರ್ವಲ್ ಟ್ವಿಸ್ಟ್ ಕುತೂಹಲಕಾರಿ’ ಅಂತ ಬರೆದಿದ್ದನ್ನು ನಾನೇ ಓದಿದ್ದೇನೆ. ಆ ಟ್ವಿಸ್ಟಿನ ಕರ್ತೃ ನಮ್ಮ ಹುಬ್ಬಳ್ಳಿ ಹುಡುಗ. ಅವನಿಗೊಂದು ಪ್ರಶಸ್ತಿ ಕೊಡಿಸಬೇಕು.

ಸಿನಿಮಾ ಸುದ್ದಿ ಅಂತೂ ಶುದ್ಧ ಗಳಿಕೆಯ ಖಾತೆ ಪುಸ್ತಕ. ನನ್ನ ಮಗಳಿಗೆ 9 ವರ್ಷ. ಒಂದು ದಿನ ಊಟಕ್ಕೆ ಕೂತಾಗ ಅಂದಳು: “ಅಪ್ಪಾ, ಚೀನಾದ ನೇಜಾ ಟೂ ಎರಡು ಬಿಲಿಯನ್ ಡಾಲರ್ ದಾಟೈತಿ, ಗೊತ್ತೈತೇನು?”

“ಹೌದಾ? ಕತಿ ಏನವಾ ಅದರದು?”

“ಅದು ಗೊತ್ತಿಲ್ಲ. ಇನ್‌ಸೈಡ್ ಔಟ್ ಟೂನ ಹಿಂದ ಹಾಕೈತಿ.”

ಅಜ್ಜಿ ಕತೆ ಕೇಳಿ ಮಲಗುವ ವಯಸ್ಸು. ಇವಳು ಕಲೆಕ್ಷನ್ ಕೇಳಿ ಮಲಗುತ್ತಾಳೆ.

ಇನ್ನು ಭಾಷೆ. ಡಬ್ಬಿಂಗ್ ಬಂದರೆ ಕನ್ನಡ ಹಾಳಾಗುತ್ತದೆ ಅಂತ ದಶಕಗಳ ಕಾಲ ಬಾಗಿಲು ಕಾದೆವು. ಆ ಹೊತ್ತಿಗೆ ಮಕ್ಕಳು ಹಿಂದಿ ಕಾರ್ಟೂನ್ ನೋಡಿ ‘ಬಚಾವ್ ಬಚಾವ್’ ಅಂತ ಓಣಿ ತುಂಬ ಓಡಾಡಿದರು. ಕನ್ನಡ ಉಳಿಯಿತು, ಮಕ್ಕಳು ಹಿಂದಿಯಲ್ಲಿ ಉಳಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ಸಿನಿಮಾಗಳನ್ನು ಹೀಗೆ ತಡೆಯುವುದು ತಪ್ಪು ಅಂತ ಹೇಳಿ ದಂಡವನ್ನೂ ಹಾಕಿತು. ಬಾಗಿಲು ತೆಗೆದು ಹತ್ತು ವರ್ಷ ಆಯಿತು. ಒಳಗೆ ಬಂದ ಮಕ್ಕಳ ಸಿನಿಮಾ ಮಾತ್ರ ಬೆರಳಲ್ಲಿ ಎಣಿಸುವಷ್ಟು.

2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಲಾಟ್ವಿಯಾ ಅನ್ನೋ ಪುಟ್ಟ ದೇಶದ್ದು. ಬ್ಲೆಂಡರ್ ಅನ್ನುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಒಂದು ಕಡುಬೂದು ಬೆಕ್ಕು, ಊರೆಲ್ಲ ನೀರು, ಒಂದು ದೋಣಿ. ಮಾತೇ ಇಲ್ಲ. ಒಂದು ರಾತ್ರಿ ಮನೆಯಲ್ಲೇ ಹಾಕಿಕೊಂಡು ನೋಡಿದೆವು. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ, “ಇದೊಂದ ನೋಡಪಾ ನಮ್ಮ ಭಾಷಾದಾಗ ಬಂದದ್ದು” ಅಂದಳು. ಬೆಕ್ಕು ಮ್ಯಾಂವ್ ಅಂದಿತ್ತು, ಅದು ಅಪ್ಪಟ ಧಾರವಾಡದ ಮ್ಯಾಂವ್. ಅದರಲ್ಲಿ ಕ್ಯಾಪಿಬರಾ ಅಂತ ಇನ್ನೊಂದು ಪ್ರಾಣಿ ಇದೆ. ಅದರ ನಿಜವಾದ ದನಿ ಆ ಪಾತ್ರಕ್ಕೆ ಹೊಂದಲಿಲ್ಲ ಅಂತ ಒಂಟೆ ಮರಿಯ ದನಿ ಹಾಕಿದರಂತೆ. ಪ್ರಾಣಿಗೂ ಡಬ್ಬಿಂಗ್ ಆಯಿತು ಸ್ವಾಮಿ. ನಮ್ಮ ಮಕ್ಕಳ ಸರದಿ ಯಾವಾಗ?

ಅಂಥಾದ್ದರಲ್ಲಿ 2025ರ ಜುಲೈ 25ಕ್ಕೆ ‘ಮಹಾವತಾರ್ ನರಸಿಂಹ’ ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಹೊಂಬಾಳೆಯವರ ಅರ್ಪಣೆ. ಕನ್ನಡದಲ್ಲೂ ಬಂತು! ಸ್ಟಾಂಪೂ ಬಿತ್ತು. ಮನೆಮಂದಿಯೆಲ್ಲ ಕೂತು ನೋಡಬಹುದು. ಸರಿ, ನಾವು ಆರು ಜನ ಎದ್ದೆವು. ನಾನು, ಮನೆಯಾಕೆ, ಎರಡು ಮಕ್ಕಳು, ಅವ್ವ, ಹಾವೇರಿ ಕಡೆಯಿಂದ ಬಂದಿದ್ದ ಸೋದರಮಾವ.

ಮೊಬೈಲಿನಲ್ಲಿ ನೋಡಿದರೆ ಸಂಜೆಯ ಶೋಗಳೆಲ್ಲ ಹಿಂದಿ. ಕನ್ನಡದ್ದು ಬೆಳಿಗ್ಗೆ 9:45ಕ್ಕೆ, ಅದೂ ಸಾಲಿ ಇರುವ ದಿನ. ಮಕ್ಕಳ ಸಿನಿಮಾವನ್ನು ಮಕ್ಕಳು ಸಾಲಿಯಲ್ಲಿರುವ ಹೊತ್ತಿಗೆ ಹಾಕಿದವರ ತಲೆಗೆ ನಮಸ್ಕಾರ. ಮಗಳಿಗೆ ಜ್ವರ ಅಂತ ಚೀಟಿ ಬರೆದೆ. ಮಗನಿಗೂ ಅದೇ ಜ್ವರ. ಸುಳ್ಳು ಹೇಳದ ಪ್ರಹ್ಲಾದನನ್ನು ನೋಡಲು ಸುಳ್ಳು ಹೇಳಿ ಹೊರಟೆವು.

ಶ್ರಾವಣದ ಎರಡನೇ ಸೋಮವಾರ. ಅವ್ವನಿಗೆ ಉಪವಾಸ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಒಂದು ಮಾಲ್ ಹೊಕ್ಕೆವು. ಬಾಗಿಲಲ್ಲಿ ಸೆಕ್ಯುರಿಟಿಯವನು ಅವ್ವನ ಚೀಲಕ್ಕೆ ಕೈ ಹಾಕಿ ಸ್ಟೀಲ್ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿದ. ಶೇಂಗಾ ಉಂಡಿ, ಐದು.

“ಹೊರಗಿನ ತಿಂಡಿ ಒಳಗ ಬಿಡಂಗಿಲ್ಲರಿ ಅಮ್ಮಾರ.”

“ಇದು ತಿಂಡಿ ಅಲ್ಲಪಾ, ಉಪವಾಸದ್ದು.”

ಅವನು ಡಬ್ಬಿ ನೋಡಿದ, ಅವ್ವನ ಮುಖ ನೋಡಿದ, ಮೇಲಿದ್ದ ಕ್ಯಾಮೆರಾ ನೋಡಿದ. ಡಬ್ಬಿಗೆ ಟೋಕನ್ ಕೊಟ್ಟು ರ‍್ಯಾಕಿನಲ್ಲಿಟ್ಟ. ಪಕ್ಕದಲ್ಲಿ ಯಾರದೋ ಗಿರಮಿಟ್ ಪೊಟ್ಟಣವೂ ಸೆರೆಯಲ್ಲಿತ್ತು. ಎಣ್ಣೆ ಸೋರಿ ಟೋಕನ್ ನಂಬರು ಅಳಿಸಿಹೋಗಿತ್ತು.

ಟಿಕೆಟ್ ದರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಸರ್ಕಾರ 200 ರೂಪಾಯಿ ಮಿತಿ ಹಾಕಿತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಒಂದು ಸಾಧಾರಣ ಸಿನಿಮಾ ಓಡುವಷ್ಟು ದಿನವೂ ಆ ಆದೇಶ ಓಡಲಿಲ್ಲ.

ಆದರೆ ಪಾಪ್‌ಕಾರ್ನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಮಾಮಾ ಬಂದಿದ್ದರು. ಅವರದು ಎಂಟೆಕರೆ ಗೋವಿನಜೋಳ. ಮಕ್ಕಳಿಗಾಗಿ ನಾನು ಒಂದು ಡಬ್ಬ ಕೊಂಡೆ, 380 ರೂಪಾಯಿ. ಮಾಮಾ ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ಅರಳು ತೆಗೆದರು. ಅಂಗೈಯಲ್ಲಿ ಹರಡಿದರು. ಅರಳದೆ ಉಳಿದ ಎರಡು ಕಾಳು ಆರಿಸಿ ಹಲ್ಲಿನಲ್ಲಿ ಕಡಿದು ನೋಡಿದರು.

“ಎಷ್ಟು ಕಾಳು ಬೀಳ್ತಾವಪಾ ಈ ಡಬ್ಬಕ್ಕ?”

“ನೂರು ಗ್ರಾಮ್ ಇರಬಹುದು ಮಾಮಾ.”

“ಈ ವರ್ಷ ಬೆಂಬಲ ಬೆಲಿ ಕ್ವಿಂಟಲಿಗೆ 2,400. ಅಂದ್ರ ನೂರು ಗ್ರಾಮಿಗೆ ಎರಡು ರೂಪಾಯಿ ನಲವತ್ತು ಪೈಸಾ. ಉಳಿದ 377 ರೂಪಾಯಿ ಅರವತ್ತು ಪೈಸಾ ಯಾವುದಕ್ಕ?”

“ಅರಳಿಸಿದ್ದಕ್ಕ.”

“ನನ್ನೂ ಒಂದಿಷ್ಟು ಅರಳಸಂತ ಹೇಳು.”

ಪಾಪ್‌ಕಾರ್ನಿನ ಜೋಳದ ತಳಿಯೇ ಬೇರೆ ಮಾಮಾ, ಹೊಲದ್ದಲ್ಲ ಅಂತ ಸಮಾಧಾನ ಹೇಳಿದೆ. ಅದರ ಹಿಂದಿನ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ದೇಶದ ಹಣಕಾಸು ಮಂತ್ರಿಗಳೆಲ್ಲ ಸೇರಿ ಇದರ ಜಿಎಸ್‌ಟಿ ಬಿಡಿಸಿ ಹೇಳಿದ್ದನ್ನೂ ಹೇಳಿದೆ. ಆಗ ಉಪ್ಪು ಖಾರದ್ದು ಬಿಡಿಯಾಗಿದ್ದರೆ ಶೇಕಡಾ 5, ಪ್ಯಾಕೆಟ್ಟಿನಲ್ಲಿದ್ದರೆ 12, ಕ್ಯಾರಮೆಲ್ ಬಳಿದಿದ್ದರೆ 18. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಲ್ಲದ ಪಾಕ ಹಾಕಿದ್ರ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನವೆಂಬರಿಗೆ ಅವರ ಜೋಳ ಮಾರ್ಕೆಟ್ಟಿಗೆ ಹೋದಾಗ ಆ 2,400 ಕೂಡ ಸಿಗಲಿಲ್ಲ. ಹಾವೇರಿ, ಗದಗ ಕಡೆಯ ರೈತರು ಬೀದಿಗೆ ಇಳಿದರು. ಸಿನಿಮಾ ಪುಟದಲ್ಲಿ ಆ ಸುದ್ದಿ ಬರುವುದಿಲ್ಲ, ಇರಲಿ.

ಸಿನಿಮಾ ಶುರುವಾಗುವ ಮುಂಚೆ ಇನ್ನೊಂದು ಪ್ರಸಂಗ ಆಯಿತು. ಅವ್ವ ಬಾಗಿಲ ಹತ್ತಿರ ನಿಂತು ಚಪ್ಪಲಿ ಬಿಟ್ಟಳು. “ಇದು ಥಿಯೇಟರ್ ಅವ್ವಾ, ಗುಡಿ ಅಲ್ಲ” ಅಂದೆ. “ಒಳಗ ಯಾರದಾರ?” ಅಂದಳು. ನರಸಿಂಹದೇವರು ಅಂತ ನಾನೇ ಟಿಕೆಟ್ ತೆಗೆಯುವಾಗ ಹೇಳಿದ್ದೆ. ಬಾಯಿ ಮುಚ್ಚಿಕೊಂಡೆ. ಅವ್ವನ ಚಪ್ಪಲಿಯ ಪಕ್ಕ ಮೊದಲೇ ಏಳೆಂಟು ಜೋಡಿ ಇದ್ದವು.

ಒಳಗೆ ಕೂತ ಮೇಲೆ ಮಾಮಾ ಹಿರಣ್ಯಕಶಿಪುವನ್ನು ನೋಡಿ, “ಇವ ಯಾರ ಮಗ?” ಅಂದರು. ಯಾರ ಮಗನೂ ಅಲ್ಲ, ಕಂಪ್ಯೂಟರಿನಲ್ಲಿ ಬರೆದಿದ್ದಾರೆ ಅಂದೆ. “ಛಲೋ ಆತು ಬಿಡು, ಡೇಟ್ಸ್ ಕೇಳೂದು ತಪ್ಪಿತು.” ಕಂಬ ಒಡೆಯುವ ಹೊತ್ತಿಗೆ ಅವ್ವ ಎರಡೂ ಕೈ ಎತ್ತಿ ಮುಗಿದಳು. ಹಿಂದಿನ ಸಾಲಿನವರಿಗೆ ಪರದೆ ಕಾಣಲಿಲ್ಲ. ಅವರೂ ಕೈ ಎತ್ತಿದ್ದರು, ಹಾಗಾಗಿ ಜಗಳ ಆಗಲಿಲ್ಲ. ನನ್ನ 6 ವರ್ಷದ ಮಗ ಮಾತ್ರ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ, “ಮುಗೀತಾ? ಹೊಟ್ಟಿ ಬಗದದ್ದು ಮುಗೀತಾ?” ಅಂತ ಕೇಳುತ್ತಿದ್ದ. ಮನೆಮಂದಿಯೆಲ್ಲ ನೋಡಬಹುದು ಅಂದವರು ಈ ಸೀನಿನಲ್ಲಿ ಬಹುಶಃ ಕಾಫಿ ತರಲು ಹೋಗಿದ್ದರು.

ಬರುವ ದಾರಿಯಲ್ಲಿ ಒಂದು ವಿಮರ್ಶೆ ಓದಿ ಹೇಳಿದೆ. ಅನಿಮೇಷನ್ ನಮ್ಮ ಪ್ರೇಕ್ಷಕರಿಗೆ ಹೊಸ ಅನುಭವ ಅಂತ ಇತ್ತು. ಅವ್ವ ನಕ್ಕುಬಿಟ್ಟಳು. ಅವಳ ತವರು ಗದಗ ಕಡೆ. ಸಣ್ಣವಳಿದ್ದಾಗ ಕಿಳ್ಳೇಕ್ಯಾತರು ಬಂದು ಬಿಳೀ ಪರದೆ ಕಟ್ಟಿ, ಹಿಂದೆ ದೀಪ ಇಟ್ಟು ಬೆಳತನಕ ತೊಗಲುಗೊಂಬೆ ಆಡಿಸುತ್ತಿದ್ದರಂತೆ. ತೊಗಲಿನ ರಾವಣ ಹತ್ತು ತಲೆ ಅಲ್ಲಾಡಿಸಿದರೆ ಹುಡುಗರೆಲ್ಲ ಕಂಬಳಿಯೊಳಗೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದಕ್ಕಾಗಿಯೇ 2025ರಲ್ಲಿ ಪದ್ಮಶ್ರೀ ಬಂತು, 96ರ ವಯಸ್ಸಿಗೆ. ಆ ಆಟಕ್ಕೆ ಐದಕ್ಕೆ ಎಷ್ಟು ಅಂತ ಯಾರೂ ಬರೆದದ್ದು ಕಾಣೆ.

ಚಪ್ಪಲಿ ವಿಷಯ ಹೇಳುವುದು ಮರೆತೆ. ಸಿನಿಮಾ ಬಿಟ್ಟ ಮೇಲೆ ನೋಡಿದರೆ ಅವ್ವನ ಒಂದೇ ಚಪ್ಪಲಿ ಇತ್ತು. ಕಸ ಗುಡಿಸುವವರು ಅತ್ತಿತ್ತ ಸರಿಸಿದ್ದರು. ಇನ್ನೊಂದು ಎಲ್ಲೂ ಸಿಗಲಿಲ್ಲ. ಅವ್ವ ಬರಿಗಾಲಲ್ಲೇ ಬಂದು ಬಸ್ ಹತ್ತಿದಳು, ಉಳಿದ ಒಂದನ್ನು ಉಂಡಿ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು. ಉಣಕಲ್ ಕೆರೆ ದಾಟುವಾಗ ನನ್ನ ಮೊಬೈಲ್ ಕುಂಯ್ ಅಂತು. ‘ನಿಮ್ಮ ಅನುಭವ ಹೇಗಿತ್ತು? ಸ್ಟಾರ್ ಕೊಡಿ.’

“ಏನಂತ ಅದು?” ಅಂದಳು ಅವ್ವ.

“ಐದರಾಗ ಎಷ್ಟು ಕೊಡ್ತೀರಿ ಅಂತ ಕೇಳ್ಯಾರ.”

ಅವ್ವ ಕಿಟಕಿಯ ಹೊರಗೆ ನೋಡಿದಳು. “ಮೂರು ಹಾಕು. ಮೂರು ನಾಮ ಹೆಂಗೂ ಹಾಕ್ಯಾರ ನಮಗ.” ಆಮೇಲೆ ಚೀಲ ಮುಟ್ಟಿ ನೋಡಿಕೊಂಡು ಅಂದಳು: “ಇದೊಂದರ ಸಿಕ್ತಲ್ಲ, ಇದಕ್ಕರ್ಧಾ ಹಾಕು.”

ಐದಕ್ಕೆ ಮೂರೂವರೆ.