ಲಾರಿ ದೊಡ್ಡದು ಸರ್

ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಲು ಶುರು ಮಾಡಿ 19 ವರ್ಷ ಆಯಿತು. ನ್ಯೂಟನ್ನನ ಮೂರನೇ ನಿಯಮ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋದ ವರ್ಷ ಒಂದು ದಿನ ಕ್ಲಾಸಲ್ಲಿ ಕೇಳಿದೆ: ಲಾರಿಗೂ ಸಣ್ಣ ಕಾರಿಗೂ ಎದುರುಬದುರು ಡಿಕ್ಕಿ ಆಯಿತು, ಯಾವುದು ಇನ್ನೊಂದರ ಮೇಲೆ ಜಾಸ್ತಿ ಬಲ ಹಾಕಿತು? ಚೀಟಿಯಲ್ಲಿ ಬರೆದುಕೊಡಿ, ಹೆಸರು ಬೇಡ ಅಂದೆ.

ಬಂದದ್ದು 52 ಚೀಟಿ. 41ರಲ್ಲಿ ಲಾರಿ. ಸರಿ ಉತ್ತರ: ಎರಡರದ್ದೂ ಸಮ. ಒಂದು ವಸ್ತು ಇನ್ನೊಂದರ ಮೇಲೆ ಎಷ್ಟು ಬಲ ಹಾಕುತ್ತದೋ, ಅದೂ ಇದರ ಮೇಲೆ ಅಷ್ಟೇ ಬಲ ತಿರುಗಿ ಹಾಕುತ್ತದೆ ಅನ್ನುವುದೇ ಮೂರನೇ ನಿಯಮ. ಒಂದರಲ್ಲಂತೂ ‘ಲಾರಿ ದೊಡ್ಡದು ಸರ್, ಇದನ್ನೂ ಕೇಳ್ಬೇಕಾ’ ಅಂತ ಬರೆದಿತ್ತು. ವಾರದ ಹಿಂದಷ್ಟೇ ಇಂಟರ್ನಲ್ಸ್‌ನಲ್ಲಿ ಇದೇ ನಿಯಮವನ್ನು ಅಡಿಗೆರೆ ಎಳೆದು ಬರೆದು, ಪೂರ್ತಿ ಅಂಕ ತೆಗೆದುಕೊಂಡ ಮಕ್ಕಳು ಇವರು. ಕೊಟ್ಟವನು ನಾನೇ.

ಪ್ರಶ್ನೆ ನನ್ನ ಸ್ವಂತದ್ದಲ್ಲ. ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಅನ್ನುವ, ಬಲದ ಬಗ್ಗೆ ಎಷ್ಟು ಅರ್ಥವಾಗಿದೆ ಅಂತ ಅಳೆಯುವ ಬಹು ಆಯ್ಕೆ ಟೆಸ್ಟ್‌ನಲ್ಲಿ ಇಂಥದ್ದೇ ಒಂದಿದೆ. ಅದರ ತಪ್ಪು ಆಯ್ಕೆಗಳೆಲ್ಲ ವಿದ್ಯಾರ್ಥಿಗಳ ತಲೆಯಲ್ಲಿ ನಿಜವಾಗಿ ಕೂತಿರುವ ತಪ್ಪುಗಳೇ. ಹಾರ್ವರ್ಡ್‌ನ ಎರಿಕ್ ಮಜೂರ್ ಕೂಡ ತಮ್ಮ ಕ್ಲಾಸಲ್ಲಿ ಇಂಥ ಪ್ರಶ್ನೆ ಕೇಳಿಯೇ ಬೆಚ್ಚಿದ್ದು. ಕಷ್ಟದ ಲೆಕ್ಕ ಬಿಡಿಸುವವರು ಇಲ್ಲಿ ಎಡವಿದ್ದರು. ಆಮೇಲೆ ಅವರು ಪಾಠದ ರೀತಿಯನ್ನೇ ಬದಲಾಯಿಸಿದರು. ಪ್ರಶ್ನೆ ಹಾಕು, ಉತ್ತರಕ್ಕೆ ವೋಟ್ ಮಾಡಿಸು, ಪಕ್ಕದವರ ಜೊತೆ ವಾದ ಮಾಡಿಸು, ಮತ್ತೆ ವೋಟ್.

ನನಗೆ ಇನ್ನೂ ಇಷ್ಟವಾದದ್ದು ಕಾರ್ಲ್ ವೀಮನ್ ಕೆಲಸ. 2001ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದವರು. ಅದಾದ ಮೇಲೆ ಕೊಲರಾಡೊದಲ್ಲಿ, 2007ರಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ವಿಭಾಗಗಳಿಗೇ ದುಡ್ಡು ಕೊಡಿಸಿದರು. ಆ ವಿಷಯ ಬಲ್ಲವರನ್ನೇ ವಿಭಾಗದೊಳಗೆ ಕೂರಿಸಿ, ಮೇಷ್ಟ್ರುಗಳ ಜೊತೆ ಸೇರಿ ಅವರವರ ಕೋರ್ಸನ್ನು ಅಳೆದು ತಿದ್ದುವ ಹಾಗೆ ಮಾಡಿದರು. 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತಲಾ ಸುಮಾರು 270 ವಿದ್ಯಾರ್ಥಿಗಳ ಎರಡು ಸೆಕ್ಷನ್, ಒಂದು ವಾರ, ಅದೇ ಪಾಠ. ಅನುಭವಿ ಮೇಷ್ಟ್ರ ಉಪನ್ಯಾಸ ಕೇಳಿದವರಿಗೆ ಟೆಸ್ಟ್‌ನಲ್ಲಿ ಸರಾಸರಿ ಶೇ. 41. ಹೊಸಬರ ಹತ್ತಿರ ಚರ್ಚೆ ಮಾಡುತ್ತಾ ಕಲಿತವರಿಗೆ ಶೇ. 74.

ನಮ್ಮಲ್ಲಿ? ಸಂಶೋಧನೆ ಅಂದರೆ ಪ್ರಮೋಷನ್‌ಗೆ ಬೇಕಾದ ಪೇಪರ್. ಪಾಠ ಸುಧಾರಿಸುವುದು ಅಂದರೆ ಎರಡು ದಿನದ ವರ್ಕ್‌ಶಾಪ್. ಹೊರಗಿನವರು ಬಂದು ಪಿಪಿಟಿ ತೋರಿಸುತ್ತಾರೆ, ನಾವು ಊಟ ಮಾಡಿ ಸರ್ಟಿಫಿಕೇಟ್ ತಗೊಂಡು ಬರುತ್ತೇವೆ. ಇಪ್ಪತ್ತು ವರ್ಷ ಮಕ್ಕಳ ಮುಖ ನೋಡುತ್ತಾ ನಿಂತವನಿಗೆ ‘ನಿಮ್ಮ ಕ್ಲಾಸಲ್ಲಿ ಏನು ಅರ್ಥ ಆಗ್ತಿಲ್ಲ’ ಅಂತ ಯಾರೂ ಕೇಳುವುದಿಲ್ಲ. ಅದನ್ನು ಹುಡುಕಿ ಬರೆದರೆ ಪೇಪರ್ ಅಂತ ಎಣಿಸಲಿ ಅನ್ನುವುದಷ್ಟೇ ನನ್ನ ಬೇಡಿಕೆ. ಅತಿಥಿ ಉಪನ್ಯಾಸಕರಿಗೆ ಇದನ್ನೂ ಪುಕ್ಕಟೆ ಹೊರಿಸುವುದು ಮಾತ್ರ ಬೇಡ. ಅವರ ಹೆಗಲು ಈಗಲೇ ಬಗ್ಗಿದೆ.

ಮಕ್ಕಳು ಖುಷಿಪಡುತ್ತಾರೆ ಅಂದ್ಕೋಬೇಡಿ. ಹೀಗೆ ಚರ್ಚೆ ಮಾಡುತ್ತಾ ಕಲಿತವರು ಜಾಸ್ತಿ ಕಲಿತರೂ ಕಡಿಮೆ ಕಲಿತೆವು ಅಂದುಕೊಳ್ಳುತ್ತಾರೆ ಅಂತ ಹಾರ್ವರ್ಡ್‌ನಲ್ಲೇ 2019ರಲ್ಲಿ ತೋರಿಸಿದ್ದಾರೆ. ನಮ್ಮವರೂ ‘ನೋಟ್ಸ್ ಕೊಡಿ ಸರ್’ ಅಂತ ಪಟ್ಟು ಹಿಡಿದರು.

ಮುಂದಿನ ಕ್ಲಾಸಿಗೆ ಲ್ಯಾಬಿನಿಂದ ಎರಡು ಸ್ಪ್ರಿಂಗ್ ತಕ್ಕಡಿ ತಂದೆ. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ, ಕ್ಲಾಸಿನ ಗಟ್ಟಿ ಹುಡುಗನಿಗೆ ಒಂದು, ಸಣಕಲನಿಗೆ ಒಂದು ಕೊಟ್ಟು ಎಳೆಯಿರಿ ಅಂದೆ. ಎರಡರಲ್ಲೂ ಒಂದೇ ಅಂಕಿ. ಗಲಾಟೆಯೋ ಗಲಾಟೆ, ಪಕ್ಕದ ಕ್ಲಾಸಿನವರು ಇಣುಕಿ ನೋಡಿ ಹೋದರು. ಮತ್ತೆ ಚೀಟಿ ಬರೆಸಿದೆ. ಲಾರಿ 41ರಿಂದ 17ಕ್ಕೆ ಇಳಿದಿತ್ತು.

ಆ 17 ಜನರನ್ನು ಕೂರಿಸಿಕೊಂಡು ಮಾತಾಡಬೇಕು ಅಂತ ಆಸೆ. ಆದರೆ ಹೆಸರು ಬೇಡ ಅಂದವನು ನಾನೇ ಅಲ್ವಾ.